ಪಾಲು ತಪ್ಪಿಸದ ತಾಂಡೇಲ

ಮೊನ್ನೆ ಹೊಳನಗದ್ದೆಯ ನನ್ನ ಬಾಡಿಗೆ ಮನೆಗೆ ಹೊನ್ನಾವರದ ಕಡೆಯಿಂದ ಇಬ್ಬರು ಬಂದಿದ್ದರು. ಅಣ್ಣ ತಮ್ಮ, ಮಾವಿನಕುರ್ವೆಯವರು. ಅಲ್ಲಿಯ ತಾಂಡೇಲ ತೀರಿಕೊಂಡ ಸುದ್ದಿ ತಂದಿದ್ದರು, ಜೊತೆಗೆ ಒಂದು ಕರೆಯನ್ನೂ. ಬರುವ ಭಾನುವಾರ ಕುರ್ವೆಯ ಶಾಲೆಯಲ್ಲಿ ಸಂತಾಪ ಸಭೆ. ಆ ಊರಲ್ಲಿ ವರ್ಷಗಟ್ಟಲೆ ಇದ್ದ ಹಳೇ ನರ್ಸಬಾಯಿ ಎಂದು ನಾನು ಬಂದು ಎರಡು ಒಳ್ಳೆಯ ಮಾತು ಹೇಳಬೇಕಂತೆ. ಅಣ್ಣನೇ ಎಲ್ಲ ಮಾತಾಡಿದ. ತಮ್ಮ ಜಗಲಿಯ ಅಂಚಿನಲ್ಲಿ ಕೂತು ಆಗಾಗ ಹೆಗಲ ಮೇಲಿನ ಟವೆಲನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದ. ಊರವರು ಏನನ್ನುತ್ತಾರೆ ಎಂದು ಕೇಳಿದೆ.

"ಎಂತ ಹೇಳುದು ಬಾಯೋರೆ. ಜೀವಮಾನದಲ್ಲಿ ಒಬ್ಬರ ಪಾಲು ತಪ್ಪಿಸ್ದಂವ ಅಲ್ಲ. ಕಡೀಗೆ ತನ್ನ ಔಷಧನೂ ಬ್ಯಾಡ ಅಂದ್ಬಿಟ್ಟ" ಎಂದ ಅಣ್ಣ. ಹೇಳುವಾಗ ಅವನ ಕಣ್ಣು ತುಂಬಿತ್ತು.

ಸತ್ತವರ ಬಗ್ಗೆ ಕೆಟ್ಟದ್ದಾಡಬಾರದು ಎನ್ನುತ್ತಾರೆ. ಹಾಗೆ ಆಡದೇ ಇರುವುದರಿಂದಲೇ ಮುಂದಿನವರು ಸಾಯುತ್ತಾರೆ ಎಂಬುದು ನನ್ನ ಅನುಭವ. ಆತ ಒಳ್ಳೆಯವನಾಗಿದ್ದ, ಅದನ್ನು ಅಲ್ಲಗಳೆಯುವುದಿಲ್ಲ. ಆತನ ಒಳ್ಳೆಯತನದ ಮೇಲೆಯೇ ನನಗೆ ಹೇಸಿಗೆ.

ನಾನು ಮಿರ್ಜಾನದವಳು. ಎಪ್ಪತ್ತರ ದಶಕ ಶುರುವಾದ ಹೊಸತರಲ್ಲಿ ಇಲಾಖೆ ನನ್ನನ್ನು ಮಾವಿನಕುರ್ವೆಗೆ ಹಾಕಿತು. ಶರಾವತಿ ಸಮುದ್ರ ಸೇರುವಲ್ಲಿ ಸುತ್ತಲೂ ನೀರಿರುವ ಊರು. ಹೊನ್ನಾವರ ಪೇಟೆ ಕಣ್ಣಿಗೆ ಕಾಣುತ್ತದೆ, ಹೋಗಬೇಕೆಂದರೆ ದೋಣಿ ಬೇಕು. ನಾನು ಟ್ರಂಕು ಹೊತ್ತುಕೊಂಡು ಇಳಿದ ದಿನ ನನಗೊಂದು ಕೋಣೆ ಕೊಡಿಸಿ, ಅದರ ಹಂಚು ಸರಿಮಾಡಿಸಿಕೊಟ್ಟವನೇ ತಾಂಡೇಲ. ಮೀನು ಹಿಡಿಯುವ ದೋಣಿಯ ಮುಖ್ಯಸ್ಥನಿಗೆ ನಮ್ಮ ಕಡೆ ತಾಂಡೇಲ ಎನ್ನುತ್ತಾರೆ. ಆತನನ್ನು ಯಾರೂ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಲಿಲ್ಲ. ಹೆಂಡತಿಯೂ ತಾಂಡೇಲ ಎಂದೇ ಅನ್ನುತ್ತಿದ್ದಳು. ಕುಳ್ಳ ಆಳು, ಅಗಲ ಭುಜ, ಬಾಯಿ ತುಂಬ ಎಲೆಯಡಿಕೆ. ಮಾತು ಕಮ್ಮಿ. ಏನು ಕೇಳಿದರೂ ಉತ್ತರ ಕೊಡುವ ಮೊದಲು ಬಲಗೈಯ ಬೆರಳುಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಮುಟ್ಟಿಕೊಳ್ಳುತ್ತಿದ್ದ. ಯಾರಿಗೆಷ್ಟು ಎಂದು ಲೆಕ್ಕ ಹಾಕಿ ಹಾಕಿ ಬಂದ ಅಭ್ಯಾಸ ಅದು.

ಆಗ ಇನ್ನೂ ರಂಪಣಿಯ ಕಾಲ. ದೋಣಿಯವರು ಆ ದೊಡ್ಡ ಬಲೆಯನ್ನು ಸಮುದ್ರದಲ್ಲಿ ಬಿಟ್ಟು ಸುತ್ತಿ ಬಂದ ಮೇಲೆ, ಎರಡೂ ತುದಿಗಳನ್ನು ಊರಿಗೆ ಊರೇ ನಿಂತು ದಡಕ್ಕೆ ಎಳೆಯಬೇಕು. ಬಿದ್ದ ಮೀನನ್ನು ಹಂಚುವುದು ತಾಂಡೇಲನ ಕೆಲಸ. ತಕ್ಕಡಿ ಇಲ್ಲ, ಕೈ ಅಳತೆ. ಮರಳ ಮೇಲೆ ರಾಶಿಗಳು ಬಿದ್ದ ಮೇಲೆ ಎಳೆದವರಲ್ಲಿ ಒಬ್ಬ ಮೀನಿಗೆ ಬೆನ್ನು ತಿರುಗಿಸಿ ಸಮುದ್ರ ನೋಡುತ್ತ ನಿಲ್ಲುವನು. ತಾಂಡೇಲ ಒಂದು ರಾಶಿಗೆ ಕೋಲು ಮುಟ್ಟಿಸಿ "ಇದು ಯಾರ್ದು?" ಎಂದರೆ, ಬೆನ್ನು ತಿರುಗಿಸಿದವ ಒಂದು ಹೆಸರು ಹೇಳುವನು. ಹೇಳಿದ ಮೇಲೆ ಮುಗಿಯಿತು, ತಕರಾರಿಲ್ಲ. ದೋಣಿಗೊಂದು ಪಾಲು, ಬಲೆಗೊಂದು ಪಾಲು, ತಾಂಡೇಲನಿಗೆ ಎರಡು. ಕಾಯಿಲೆ ಬಿದ್ದು ಎಳೆಯಲು ಬಾರದವನಿಗೂ ಒಂದು. ನಾನು ಬಂದ ಮೇಲೆ ನರ್ಸಬಾಯಿಗೂ ಒಂದು ಸಣ್ಣ ರಾಶಿ, ಬಂಗಡೆಯೋ ತಾರ್ಲೆಯೋ, ಆ ದಿನ ಬಿದ್ದದ್ದು. ಒಂದು ಗದ್ದೆಯ ಅಂಚಿಗಾಗಿ ವರ್ಷಗಟ್ಟಲೆ ಮಾತು ಬಿಟ್ಟ ಅಪ್ಪ, ದೊಡ್ಡಪ್ಪಂದಿರ ಮನೆಯಿಂದ ಬಂದ ನಾನು ಇದನ್ನು ನೋಡಿ ಮರುಳಾಗಿದ್ದೆ.

ಮರುಳು ಇಳಿದದ್ದು ಆತನ ಡಬ್ಬಿ ನೋಡಿದ ದಿನ.

ತಗಡಿನ ಬಿಸ್ಕೀಟು ಡಬ್ಬಿ. ಅದರೊಳಗೆ ಬೀಡಿ, ಬಲೆ ಹೆಣೆಯುವ ನೂಲಿನ ತುಂಡು, ಒಂದು ಹಳೇ ಗಾಳ, ಮತ್ತು ಎಲ್ಲ ಬಣ್ಣದ ಗುಳಿಗೆಗಳು. ಯಾರದೋ ಮನೆಯಲ್ಲಿ ಯಾವುದೋ ಜ್ವರಕ್ಕೆ ತಂದು ಉಳಿದದ್ದು, ಹೊನ್ನಾವರ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಿಂದ ಪೊಟ್ಟಣ ಕಟ್ಟಿಸಿಕೊಂಡದ್ದು, ಭಟ್ಕಳದಲ್ಲಿ ಮೀನು ಮಾರಲು ಹೋದಾಗ ದುಬೈಯಿಂದ ಬಂದ ಸಾಹೇಬರೊಬ್ಬರು ಪ್ರೀತಿಯಿಂದ ಕೊಟ್ಟದ್ದು, ಎಲ್ಲ ಒಂದೇ ಕಡೆ. ಉಪ್ಪುಗಾಳಿಗೆ ಕೆಲವು ಬೆವರಿ ಒಂದಕ್ಕೊಂದು ಅಂಟಿದ್ದವು. ಒಂದೆರಡರ ಮೇಲೆ ಮೀನಿನ ಹುರುಪೆ ಇತ್ತು. ಬಿಳಿ ಜ್ವರಕ್ಕೆ, ಹಳದಿ ಹೊಟ್ಟೆಗೆ, ಕೆಂಪು ಶಕ್ತಿಗೆ. ಎರಡು ಬಣ್ಣದ ಕ್ಯಾಪ್ಸೂಲು ಬಂದರೆ ಅದನ್ನು ಬಿಚ್ಚಿ, ಮೀನಿನ ಮುಳ್ಳು ಹೊಕ್ಕ ಗಾಯದೊಳಗೆ ಪುಡಿ ತುಂಬುವುದು. ಹಾಗೆ ತುಂಬಿಸಿಕೊಂಡು ಮೇಲಿಂದ ಬಟ್ಟೆ ಬಿಗಿದು ಕೂತವನೊಬ್ಬನ ಕೈಯನ್ನು ನಾನು ಬಿಚ್ಚಿದ್ದೇನೆ. ಪುಡಿ ಗಟ್ಟಿಯಾಗಿ ಮೇಲೆ ಹೆಪ್ಪುಗಟ್ಟಿತ್ತು, ಕೆಳಗೆ ಮೊಣಕೈವರೆಗೆ ಕೀವು. ಆ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ. ಅವನ ಬೆರಳು ತೆಗೆಯಬೇಕಾಯಿತು. ಆದರೂ ಅವನು ತಾಂಡೇಲನನ್ನು ದೂರಲಿಲ್ಲ. ಪುಡಿ ಸ್ವಲ್ಪ ಕಮ್ಮಿ ಬಿತ್ತು ಎಂದ.

ಆತನೊಬ್ಬನನ್ನೇ ಬೈದು ಏನು ಪ್ರಯೋಜನ? ಬಸ್‌ಸ್ಟ್ಯಾಂಡಿನ ಆ ಅಂಗಡಿಯವ ಡಾಕ್ಟರ ಚೀಟಿ ಕೇಳುತ್ತಿರಲಿಲ್ಲ. ಮುಖವನ್ನೂ ನೋಡುತ್ತಿರಲಿಲ್ಲ. "ಮೈಕೈ ನೋವೋ, ಜ್ವರವೋ?" ಎಂದು ಕೇಳುತ್ತಲೇ ನಾಲ್ಕು ಶೀಶೆಯಿಂದ ನಾಲ್ಕು ಗುಳಿಗೆ ಉದುರಿಸಿ ಕಾಗದದಲ್ಲಿ ಸುತ್ತಿ ಎಸೆಯುತ್ತಿದ್ದ. ಕಡಲೆ ಮಾರುವವನು ಅದಕ್ಕಿಂತ ಎಚ್ಚರದಿಂದ ಕಟ್ಟುತ್ತಾನೆ. ಜನಕ್ಕೂ ಅದೇ ಬೇಕಿತ್ತು. ಡಾಕ್ಟರ ಹತ್ತಿರ ಹೋದರೆ ದೋಣಿ ಕಾಯಬೇಕು, ಸಾಲಿನಲ್ಲಿ ಕೂರಬೇಕು, ಆ ದಿನದ ಎಳೆತ ತಪ್ಪುತ್ತದೆ. ತಾಂಡೇಲನ ಡಬ್ಬಿ ಮನೆ ಬಾಗಿಲಲ್ಲೇ ಇತ್ತು.

ಈರಪ್ಪ ತಾಂಡೇಲನ ತಂಗಿಯ ಮಗ. ತಂಗಿ ಬೇಗ ಸತ್ತದ್ದರಿಂದ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿ ಮದುವೆ ಮಾಡಿದ್ದೂ ಆತನೇ. ಹೆಂಡತಿ ಗಂಗೆ, ಭಟ್ಕಳದ ಕಡೆಯ ಹುಡುಗಿ, ತಲೆಯ ಮೇಲೆ ಮೀನಿನ ಬುಟ್ಟಿ ಇಟ್ಟುಕೊಂಡು ನಡೆದರೆ ನಾನು ಓಡಿ ಹಿಡಿಯಬೇಕಿತ್ತು. ಈರಪ್ಪ ಒಂದು ಮಳೆಗಾಲದಲ್ಲಿ ಕೆಮ್ಮಲು ಶುರುಮಾಡಿದ. ಡಬ್ಬಿಯ ಬಿಳಿ, ಹಳದಿ, ಕೆಂಪು ಎಲ್ಲ ಆಯಿತು. ಕಫದಲ್ಲಿ ರಕ್ತ ಕಂಡ ಮೇಲೆ ಗಂಗೆ ಗಂಡನ ಕಣ್ಣು ತಪ್ಪಿಸಿ ನನ್ನ ಹತ್ತಿರ ಬಂದಳು. ಪರೀಕ್ಷೆ ಮಾಡಿಸಿದರೆ ಕ್ಷಯ.

ಮೊದಲ ಎರಡು ತಿಂಗಳು ದಿನಾ ಸೂಜಿ. ಅದನ್ನು ನಾನೇ ಕೊಟ್ಟೆ. ಸೂಜಿ ಹಂಚಲು ಬರುವಂಥದ್ದಲ್ಲವಾದ್ದರಿಂದ ಅಷ್ಟೂ ಅವನ ಮೈಗೇ ಹೋಯಿತು. ಈರಪ್ಪ ಚೇತರಿಸಿಕೊಂಡ, ಕೆನ್ನೆ ತುಂಬಿತು. ಆಮೇಲೆ ಬರೀ ಗುಳಿಗೆ, ಒಂದೂವರೆ ವರ್ಷ ಬಿಡದೆ ನುಂಗಬೇಕು. ಹೊನ್ನಾವರದ ಆಸ್ಪತ್ರೆಯಲ್ಲಿ ತಿಂಗಳ ಗುಳಿಗೆಯನ್ನು ಒಟ್ಟಿಗೆ ಕೊಟ್ಟು ಕಳಿಸುತ್ತಿದ್ದರು. ಮನೆಗೆ ಹೋದ ಮೇಲೆ ಅದು ಯಾರ ಹೊಟ್ಟೆಗೆ ಹೋಗುತ್ತದೆ ಎಂದು ನೋಡುವ ಗೊಡವೆ ಇಲಾಖೆಗೆ ಇರಲಿಲ್ಲ. ಗುಳಿಗೆ ನುಂಗುತ್ತಿದ್ದೀಯಾ ಎಂದು ನಾನು ಮನೆಗೆ ಹೋಗಿ ಕೇಳಿದಾಗಲೆಲ್ಲ ಈರಪ್ಪ "ತಕಂತೆ ಬಾಯೋರೆ" ಎನ್ನುತ್ತಿದ್ದ. ಆದರೆ ಕೆನ್ನೆ ಮತ್ತೆ ಒಳಗೆ ಹೋಗುತ್ತಿತ್ತು.

ಕಾರಣ ಗೊತ್ತಾದದ್ದು ಒಂದು ಬೆಳಿಗ್ಗೆ, ಹಾಡೇ ಹಗಲಲ್ಲಿ. ಬಾಣಂತಿಯೊಬ್ಬಳನ್ನು ನೋಡಿ ದಂಡೆಯ ಮೇಲಿಂದ ಬರುತ್ತಿದ್ದೆ. ಮೀನು ಹಂಚಿ ಮುಗಿದಿತ್ತು, ಆದರೂ ಜನ ಚದುರಿರಲಿಲ್ಲ. ಒಬ್ಬ ಸಮುದ್ರದ ಕಡೆ ಮುಖ ಮಾಡಿ ನಿಂತಿದ್ದ. ಹತ್ತಿರ ಹೋದೆ. ದೋಣಿಯ ಹಲಗೆಯ ಮೇಲೆ ಬಿಳಿ ಗುಳಿಗೆಗಳ ಪುಟ್ಟ ಪುಟ್ಟ ರಾಶಿ. ತಾಂಡೇಲ ಒಂದರ ಹತ್ತಿರ ಬೆರಳಿಟ್ಟು "ಇದು ಯಾರ್ದು?" ಎಂದ. ಬೆನ್ನು ತಿರುಗಿಸಿದವ ಹೆಸರು ಹೇಳಿದ. ಆ ಹೆಸರಿನವ ಬಂದು, ಮೀನು ಮುಟ್ಟಿದ ಕೈಯಲ್ಲೇ ಗುಳಿಗೆಗಳನ್ನು ಬಾಚಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಮೊಣಕಾಲು ನೋವಿನವ, ಬೀಡಿ ಕೆಮ್ಮಿನವ, ಏನೂ ಇಲ್ಲದವ, ಎಲ್ಲರಿಗೂ ಬಂತು. ತಾಂಡೇಲನಿಗೆ ಪದ್ಧತಿಯಂತೆ ಎರಡು ಪಾಲು. ಈರಪ್ಪನಿಗೂ ಒಂದು ರಾಶಿ ಬಂತು, ಎಲ್ಲರಿಗೆ ಬಂದಷ್ಟೇ.

ನಾನು ಕೂಗಾಡಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ತಾಂಡೇಲ ಬೆರಳು ಮುಟ್ಟಿಕೊಳ್ಳುತ್ತ ಕೇಳಿಸಿಕೊಂಡ. ಆಮೇಲೆ, ತಿಳಿಯದ ಮಕ್ಕಳಿಗೆ ಹೇಳುವಷ್ಟು ಮೆಲ್ಲಗೆ, ಈರಪ್ಪ ಬಲೆಗೆ ಕೈ ಹಚ್ಚದೆ ಎಷ್ಟು ದಿನವಾಯಿತು, ಆದರೂ ದಿನಾ ಅವನ ಮನೆಗೆ ಮೀನು ಹೋಗುತ್ತಿದೆ ಎಂದು ನೆನಪಿಸಿದ. ಆ ಗುಳಿಗೆಯಿಂದ ಅವನ ಮೈ ತುಂಬಿದ್ದನ್ನು ಊರೇ ನೋಡಿದೆ, ಉಳಿದವರಿಗೂ ಮೈಯಿಲ್ಲವೇ ಎಂದ. ನಾನು ಈರಪ್ಪನ ಕಡೆ ತಿರುಗಿದೆ. ಅವನು ತಲೆ ಎತ್ತಲಿಲ್ಲ.

"ಅವ್ರು ಎಳ್ದ ಮೀನು ನಾ ಕೂತು ತಿಂಬುದು. ಸರ್ಕಾರದ ಗುಳಿಗೆ ನಾನೊಬ್ನೇ ನುಂಗುದಾ ಬಾಯೋರೆ? ಮರ್ಯಾದೆ ಅಲ್ಲ ಅದು."

ಸಾಯುವವನ ಬಾಯಲ್ಲಿ ಮರ್ಯಾದೆಯ ಮಾತು! ಹಂಚಿಕೊಂಡವರಲ್ಲಿ ಒಬ್ಬರಿಗೂ ನಾಚಿಕೆಯಾಗಲಿಲ್ಲ. ಒಬ್ಬ ಮಾತ್ರ, ನಾನು ನೋಡಿಬಿಟ್ಟೆನಲ್ಲ ಎಂದು, ತನ್ನ ಪಾಲಿನಿಂದ ನನ್ನ ಕಡೆಗೂ ಎರಡು ಗುಳಿಗೆ ಚಾಚಿದ. ನರ್ಸಬಾಯಿಗೆ ಪಾಲು ತಪ್ಪಬಾರದಲ್ಲ. ಅವನ ಬೆರಳ ಸಂದಿಯಲ್ಲಿ ಮೀನಿನ ರಕ್ತ ಇನ್ನೂ ಹಸಿ ಇತ್ತು. ಆ ದಿನದಿಂದ ನಾನು ಅವರ ಮೀನು ಮುಟ್ಟಲಿಲ್ಲ.

ಡಾಕ್ಟರಿಗೆ ಹೇಳಿದೆ. ಅವರು ಈರಪ್ಪನನ್ನು ಕರೆಸಿ ಗದರಿದರು. ತಾಂಡೇಲನಿಗೂ ಹೇಳಿ ಕಳಿಸಿದರು. ಗದರಿದ್ದರ ಫಲವಾಗಿ ಹಂಚುವ ಜಾಗ ದಂಡೆಯಿಂದ ಬಲೆ ಇಡುವ ಮಾಡಿಗೆ ಬದಲಾಯಿತು, ಅಷ್ಟೇ. ಗುಳಿಗೆಯನ್ನು ನನ್ನ ಕೋಣೆಯಲ್ಲೇ ಇಟ್ಟು ದಿನಾ ಕೊಡುತ್ತೇನೆಂದರೆ, ಈರಪ್ಪ ನನ್ನೆದುರು ನಾಲಿಗೆಯಡಿ ಇಟ್ಟುಕೊಂಡು ಹೋಗಿ ಹೊರಗೆ ಉಗಿದು ಕೊಡುತ್ತಿದ್ದ. ಹೌದು, ಉಗಿದ ಗುಳಿಗೆ. ಅದನ್ನೂ ಒರೆಸಿ ತಿಂದವರಿದ್ದರು. ಕೋಣನ ಮುಂದೆ ಕಿನ್ನರಿ ಬಾರಿಸುವುದು ಎಂದರೆ ಏನೆಂದು ನನಗೆ ಆಗ ತಿಳಿಯಿತು. ಎರಡನೆಯ ಮಳೆಗಾಲ ಮುಗಿಯುವುದರೊಳಗೆ ಈರಪ್ಪ ಸತ್ತ. ತಾಂಡೇಲ ಮಗ ಸತ್ತಷ್ಟೇ ಅತ್ತ. ಈರಪ್ಪನ ಪಾಲಿನ ಮೀನು ಆಮೇಲೂ ಗಂಗೆಗೆ ಹೋಗುತ್ತಿತ್ತು. ಊರು ಇದನ್ನೂ ಹೊಗಳಿತು.

ಆಮೇಲೆ ಗಂಗೆ ಕೆಮ್ಮಿದಳು.

ಈ ಸಲ ನಾನು ಡಾಕ್ಟರ ಹತ್ತಿರ ಹೋಗುವ ಮೊದಲು ತಾಂಡೇಲನ ಹತ್ತಿರ ಹೋದೆ. ಆತ ಮಾಡಿನಲ್ಲಿ ಕೂತು ಬಲೆಯ ತೂತು ಮುಚ್ಚುತ್ತಿದ್ದ. ನನಗೆ ವಿವರಿಸುವ ತಾಳ್ಮೆ ಉಳಿದಿರಲಿಲ್ಲ. ಬಲೆಯನ್ನು ಕೈಯಲ್ಲೆತ್ತಿ ಕೇಳಿದೆ: ಇದನ್ನೂ ಕತ್ತರಿಸಿ ಮನೆಗೊಂದು ತುಂಡು ಹಂಚಬಾರದೇಕೆ? ಸಮುದ್ರ ಎಲ್ಲರದ್ದು, ಬಲೆ ಎಲ್ಲರದ್ದು. ಆತನ ಕೈ ನಿಂತಿತು.

"ತುಂಡಾದ್ರೆ ಮೀನು ಬೀಳೂದಿಲ್ಲ" ಎಂದ.

"ಗುಳಿಗೆಯೂ ಬಲೆ. ಮೀನಲ್ಲ" ಎಂದೆ.

ಆತ ಬಲೆಯ ಒಂದು ಕಣ್ಣಿಗೆ ಬೆರಳು ತೂರಿಸಿ ನೋಡಿದ. ಕೊನೆಗೆ, ಇದನ್ನು ಮೊದಲೇ ಹೇಳಬಾರದಿತ್ತೇ ಎಂದು ನನ್ನನ್ನೇ ಕೇಳಿದ. ನನಗೆ ಮೈಯೆಲ್ಲ ಉರಿಯಿತು. ವರ್ಷವಿಡೀ ಗಂಟಲು ಹರಿದುಕೊಂಡಿದ್ದೆ. ಈರಪ್ಪನ ಕಫದ ಡಬ್ಬಿಯನ್ನು ಆತನ ಮುಂದೆ ಎತ್ತಿ ತೋರಿಸಿದ್ದೆ. ಅದು ಯಾವುದೂ ಹೊಕ್ಕಿರಲಿಲ್ಲ.

ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ತಾಂಡೇಲ ಹಾಕಿದ್ದು ಗಟ್ಟಿ ಬಾಗಿಲೇ. ದಿನಾ ಬೆಳಿಗ್ಗೆ ಗಂಗೆ ದಂಡೆಗೆ ಬರಬೇಕು. ಆತನೇ ಅವಳ ಅಂಗೈಗೆ ಗುಳಿಗೆ ಹಾಕಿ, ನೀರು ಕೊಟ್ಟು, "ಬಾಯಿ ತೆಗಿ" ಎಂದು ನಾಲಿಗೆಯಡಿಯೂ ನೋಡುತ್ತಿದ್ದ. ಅದಾದ ಮೇಲೆಯೇ ದೋಣಿ ನೀರಿಗಿಳಿಯುವುದು. ನಮ್ಮ ಪಾಲೆಲ್ಲಿ ಎಂದು ಕೇಳಿದ ಒಬ್ಬನನ್ನು ಹುಟ್ಟು ಹಿಡಿದು ಅಟ್ಟಿಸಿಕೊಂಡು ಹೋದದ್ದನ್ನು ನಾನೇ ನೋಡಿದೆ. ಇನ್ನು ಇವಳು ಬದುಕಿದಳು ಎಂದುಕೊಂಡೆ. ಗಂಗೆಯೂ ಹಾಗೇ ಅಂದುಕೊಂಡಳು. ಮಾವ ಕಾಯುತ್ತಿದ್ದಾನೆ ಬಾಯೋರೆ, ಇನ್ನೆಂತ ಭಯ ಎಂದಳು.

ಅವಳು ಇಳಿಯುತ್ತಲೇ ಹೋದಳು. ಬುಟ್ಟಿ ಹೊರುವುದು ನಿಂತಿತು, ದಂಡೆಗೆ ನಡೆದು ಬರುವುದು ನಿಂತಿತು. ತಾಂಡೇಲ ಗುಳಿಗೆ ಹಿಡಿದು ಅವಳ ಮನೆಗೇ ಹೋಗತೊಡಗಿದ. ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿ ಕಫ ನೋಡಿಸಿದರೆ, ಈ ಗುಳಿಗೆ ಇವಳ ಕ್ಷಯಕ್ಕೆ ತಾಗುವುದೇ ಇಲ್ಲ ಎಂದರು. ಬೇರೆ ಔಷಧ ಆಗ ನಮ್ಮಂಥವರ ಕೈಗೆ ಸಿಗುವಂತಿರಲಿಲ್ಲ.

ತಾಂಡೇಲ ನನ್ನ ಕೋಣೆಗೆ ಬಂದ. ಒಳಗೆ ಬಾ ಎಂದರೂ ಬರಲಿಲ್ಲ, ಹೊಸ್ತಿಲಾಚೆ ನಿಂತ.

"ಪೂರಾ ಕೊಟ್ಟೆ ಬಾಯೋರೆ. ಒಂದ್ ಗುಳಿಗೆ ಆಚೀಚೆ ಹೋಗ್ಲಿಲ್ಲ. ಮತ್ತೆಂತಕೆ?"

ಆತನಿಗೆ ಹೇಳಿದೆ. ಅರ್ಧಂಬರ್ಧ ಔಷಧ ಬಿದ್ದರೆ ರೋಗದ ಹುಳ ಸಾಯುವುದಿಲ್ಲ, ಅದನ್ನು ತಿಂದು ಪಳಗುತ್ತದೆ. ಈರಪ್ಪನ ಎದೆಯಲ್ಲಿ ಹಾಗೆ ಪಳಗಿದ್ದೇ ಗಂಗೆಗೆ ದಾಟಿದೆ. ಅದಕ್ಕೆ ಈಗ ಪೂರಾ ಕೊಟ್ಟರೂ ಒಂದೇ, ಕೊಡದಿದ್ದರೂ ಒಂದೇ. ಆತನ ಹೆಬ್ಬೆರಳು ಬೆರಳುಗಳ ಮೇಲೆ ಓಡಾಡುತ್ತಿತ್ತು.

"ಹಂಗಾರೆ ಅಂವ ಅದ್ರಲ್ಲೂ ಪಾಲು ಕೊಟ್ಟೇ ಹೋದ" ಎಂದ.

ಗಂಗೆ ಆ ಬೇಸಿಗೆ ದಾಟಲಿಲ್ಲ. ನನಗೆ ಭಟ್ಕಳಕ್ಕೆ ವರ್ಗವಾಯಿತು. ಅಲ್ಲಿ ಡಬ್ಬಿ ಇನ್ನೂ ದೊಡ್ಡದು, ಅಷ್ಟೇ ವ್ಯತ್ಯಾಸ. ಗಲ್ಫಿನಿಂದ ಗಂಡ ತಂದ ಗುಳಿಗೆ ಹೆಂಡತಿಗೆ, ಅವಳಿಂದ ಪಕ್ಕದ ಮನೆಗೆ, ಅಲ್ಲಿಂದ ಕೆಲಸದವಳಿಗೆ. ಫಾರಿನ್ ಔಷಧದಿಂದ ಕೆಟ್ಟದ್ದಾಗುವುದೇ ಎಂದು ನನ್ನನ್ನೇ ಕೇಳಿದವರಿದ್ದಾರೆ. ಕುಡಿಯುವ ನೀರು ಕೊಡಲು ಹಿಂದೆಮುಂದೆ ನೋಡುವವರೂ ಗುಳಿಗೆ ಕೊಡುವುದರಲ್ಲಿ ಧಾರಾಳ.

ತಾಂಡೇಲನನ್ನು ಕೊನೆಯ ಸಲ ನೋಡಿದ್ದು ಕುರ್ವೆಗೆ ಹೋಗುವ ದೋಣಿಯಲ್ಲಿ, ಎರಡು ವರ್ಷದ ಹಿಂದೆ. ಸಮುದ್ರದಲ್ಲೇ ಬಲೆ ಸುತ್ತಿ ಮೀನೆತ್ತುವ ಪರ್ಸಿನ್ ಯಂತ್ರದ ಬೋಟುಗಳು ಬಂದು ರಂಪಣಿ ಎಂದೋ ನಿಂತುಹೋಗಿತ್ತು. ಆತ ಒಣಗಿದ್ದ. ದೋಣಿ ಅರ್ಧ ದಾಟುವಷ್ಟರಲ್ಲಿ ಆ ಕೆಮ್ಮು ಕೇಳಿದೆ. ಕೇಳಿದ ಕೂಡಲೇ ಗುರುತು ಸಿಗುವ ಕೆಮ್ಮು ಅದು. ಈಗ ಹೊಸ ಔಷಧ ಬಂದಿದೆ, ಪಳಗಿದ ರೋಗವನ್ನೂ ಹಿಡಿಯುತ್ತದೆ, ನಾಳೆಯೇ ಹೊನ್ನಾವರಕ್ಕೆ ಬಾ ಎಂದೆ. ಆತ ತಲೆಯಾಡಿಸಿದ.

"ಬ್ಯಾಡ ಬಾಯೋರೆ. ಈರಪ್ಪನ ಗುಳಿಗೇಲಿ ನಂಗೆ ಎರಡು ಪಾಲು ಬಂದಿತ್ತು. ನನ್ನದು ಆಗ್ಲೇ ತಿಂದಾಯ್ತು."

ಊರಿಗೆ ಇದು ತ್ಯಾಗವಾಗಿ ಕಂಡಿದೆ. ಸಭೆಯಲ್ಲಿ ಇದನ್ನೇ ಹಾಡುತ್ತಾರೆ. ಆ ದೋಣಿಯಲ್ಲಿ ಆತನ ಎದುರಿಗೆ ಎಳೆ ಮಗು ಎತ್ತಿಕೊಂಡ ಒಬ್ಬ ಹೆಂಗಸು ಕೂತಿದ್ದಳು. ಆತ ಅವಳ ಕಡೆಗೇ ಕೆಮ್ಮುತ್ತಿದ್ದ. ಡಾಕ್ಟರನ್ನು ಕೇಳದೆ ತಿಂದದ್ದು ಹೇಗೆ ಸ್ವಂತ ವೈದ್ಯವೋ, ಕೇಳದೆ ಬಿಟ್ಟದ್ದೂ ಹಾಗೆಯೇ ಸ್ವಂತ ವೈದ್ಯ. ತನ್ನ ಪಾಪಕ್ಕೆ ತಾನೇ ಶಿಕ್ಷೆ ಬರೆದುಕೊಂಡು, ಅದನ್ನೂ ಅಕ್ಕಪಕ್ಕದವರಿಗೆ ಹಂಚುತ್ತ ಕೂತಿದ್ದ. ಹೊನ್ನಾವರದ ಆಸ್ಪತ್ರೆಯವರಿಗೆ ಹೇಳಿ ಎರಡು ಸಲ ಸಿಬ್ಬಂದಿಯನ್ನು ಕಳಿಸಿದೆ. ಎರಡು ಸಲವೂ ಊರವರು ಆತ ಮನೆಯಲ್ಲಿಲ್ಲ ಎಂದು ಸುಳ್ಳು ಹೇಳಿ ಕಳಿಸಿದರು.

ಮೊನ್ನೆ ಅಣ್ಣನ ಮಾತು ಕೇಳುತ್ತ ಇಷ್ಟೂ ನೆನಪಾಯಿತು. ಜಗಲಿಯ ಅಂಚಿನಲ್ಲಿ ತಮ್ಮ ಮತ್ತೆ ಟವೆಲು ಒತ್ತಿಕೊಂಡ. ಎಂದಿನಿಂದ ಕೆಮ್ಮು ಎಂದು ಕೇಳಿದೆ. ಈ ಮಳೆಗಾಲದಿಂದ ಎಂದ. ಕಡೆಯ ದಿನಗಳಲ್ಲಿ ತಾಂಡೇಲನಿಗೆ ಗಂಜಿ ಕುಡಿಸುತ್ತಿದ್ದವನು ಇವನೇ ಅಂತೆ. ಔಷಧ ಏನು ಎಂದು ಕೇಳಿದರೆ, ಅಂಗಿ ಕಿಸೆಯಿಂದ ಬಸ್‌ಸ್ಟ್ಯಾಂಡಿನ ಅಂಗಡಿಯ ಪೊಟ್ಟಣ ತೆಗೆದ. ಬಿಚ್ಚಿದೆ. ಒಳಗಿದ್ದ ಗುಳಿಗೆಗಳೆಲ್ಲ ಅರ್ಧ. ಬ್ಲೇಡಿನಲ್ಲಿ ನೀಟಾಗಿ ಸಮಪಾಲು ಮಾಡಿದ್ದರು.

ಇನ್ನರ್ಧ ಎಲ್ಲಿ ಎಂದೆ. ತಮ್ಮ ಅಣ್ಣನ ಮುಖ ನೋಡಿದ.

"ನಂಗೂ ಸಣ್ಣ ಕೆಮ್ಮು ಇತ್ತು ಬಾಯೋರೆ" ಎಂದ ಅಣ್ಣ. "ಒಬ್ನೇ ತಿಂಬುದು ಹೆಂಗೆ ಅಂದ ಇಂವ."

ಒಳಗೆ ಹೋಗಿ ನಿವೃತ್ತಿಯಾದರೂ ಮನೆಯಲ್ಲಿ ಇಟ್ಟುಕೊಂಡಿರುವ ಕಫ ಹಿಡಿಯುವ ಡಬ್ಬಿಗಳಲ್ಲಿ ಎರಡು ತಂದು ಇಬ್ಬರ ಮುಂದೆಯೂ ಒಂದೊಂದು ಇಟ್ಟೆ. ನಾಳೆ ಬೆಳಿಗ್ಗೆ ಎದ್ದ ಕೂಡಲೇ ಇದರಲ್ಲಿ ಉಗಿದು ಹೊನ್ನಾವರದ ಆಸ್ಪತ್ರೆಗೆ ಒಯ್ಯಬೇಕು, ಅಲ್ಲಿ ಕೊಟ್ಟದ್ದನ್ನು ಅವರವರೇ ನುಂಗಬೇಕು ಎಂದೆ. ಭಾನುವಾರ ಖಂಡಿತ ಬರುತ್ತೇನೆ, ಆದರೆ ಭಾಷಣಕ್ಕಲ್ಲ, ಕುರ್ವೆಯಲ್ಲಿ ಕೆಮ್ಮುವವರಿಗೆಲ್ಲ ಇಂಥ ಡಬ್ಬಿ ತರುತ್ತೇನೆ, ಎಷ್ಟು ಬೇಕಾದೀತು ಹೇಳು ಎಂದು ಅಣ್ಣನನ್ನು ಕೇಳಿದೆ.

ಅವನು ತಲೆ ತಗ್ಗಿಸಿ, ಬಲಗೈಯ ಬೆರಳುಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಮುಟ್ಟತೊಡಗಿದ. ಒಂದು ಕೈಯ ಬೆರಳು ಮುಗಿದವು. ಇನ್ನೊಂದು ಕೈ ತೆಗೆದ.